ಬುಟ್ಟಿಯ ಚೆಂಡು, ಸಂಜೆಯ ಬಸ್ಸು

ಬಾಸ್ಕೆಟ್‌ಬಾಲ್ ಎಂಬ ಹೆಸರಿನಲ್ಲಿರುವ ಬುಟ್ಟಿ ನಿಜವಾದ ಬುಟ್ಟಿಯೇ. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನ ವೈಎಂಸಿಎ ತರಬೇತಿ ಶಾಲೆಯ ಶಿಕ್ಷಕ ಜೇಮ್ಸ್ ನೈಸ್ಮಿತ್, ಚಳಿಗೆ ಹೊರಗೆ ಹೋಗಲಾಗದೆ ಚಡಪಡಿಸುತ್ತಿದ್ದ ಹುಡುಗರಿಗಾಗಿ ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ವ್ಯಾಯಾಮಶಾಲೆಯ ಎರಡು ತುದಿಗೆ ಎತ್ತರದಲ್ಲಿ ಕಟ್ಟಿಸಿದರು. ಬುಟ್ಟಿಗೆ ತಳವಿತ್ತು. ಚೆಂಡು ಬಿದ್ದಾಗಲೆಲ್ಲ ಯಾರಾದರೂ ಏಣಿ ಹತ್ತಿ ತೆಗೆಯಬೇಕು. ತಳ ಕತ್ತರಿಸಿದರಾಯಿತು ಎಂದು ಆ ಗಂಡಸರಿಗೆ ಕೂಡಲೇ ಹೊಳೆಯಲಿಲ್ಲ. ಅಡುಗೆಮನೆಯಲ್ಲಿ ಪಳಗಿದ ಒಬ್ಬಳು ಅಲ್ಲಿದ್ದಿದ್ದರೆ ಮೊದಲ ದಿನವೇ ಹೇಳುತ್ತಿದ್ದಳು.

ಹೆಣ್ಣುಮಕ್ಕಳು ಬರಲು ತಡವೇನೂ ಆಗಲಿಲ್ಲ. 1892ರಲ್ಲೇ ಸ್ಮಿತ್ ಮಹಿಳಾ ಕಾಲೇಜಿನ ಸೆಂಡಾ ಬೆರೆನ್ಸನ್ ತಮ್ಮ ವಿದ್ಯಾರ್ಥಿನಿಯರಿಗೆ ಈ ಆಟ ಕಲಿಸಿದರು. ಆದರೆ ಅಂಗಳವನ್ನು ಗೆರೆ ಎಳೆದು ಮೂರು ಭಾಗ ಮಾಡಿದರು. ತನ್ನ ಪಾಲಿನ ಗೆರೆಯನ್ನು ಯಾರೂ ದಾಟುವಂತಿಲ್ಲ, ಇನ್ನೊಬ್ಬಳ ಕೈಯಿಂದ ಚೆಂಡು ಕಸಿಯುವಂತಿಲ್ಲ. ಹೆಚ್ಚು ಓಡಿದರೆ ಹೆಂಗಸರ ಮೈಗೆ ಕೇಡು ಎಂದು ಜನ ನಂಬಿದ್ದ ಕಾಲ ಅದು. ಬೆರೆನ್ಸನ್‌ರನ್ನು ನಾನು ದೂರುವುದಿಲ್ಲ. ಆ ಗೆರೆಗಳಿಲ್ಲದಿದ್ದರೆ ಅಂಗಳಕ್ಕೇ ಬಿಡುತ್ತಿರಲಿಲ್ಲವೇನೋ. 1896ರಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ ಹುಡುಗಿಯರ ನಡುವೆ ಪಂದ್ಯವಾದಾಗ ಗಂಡಸರಿಗೆ ಒಳಗೆ ಪ್ರವೇಶವಿರಲಿಲ್ಲ. ಅಂಕ 2-1. ಎಷ್ಟು ನಾಜೂಕಾಗಿ ಆಡಿರಬೇಕು ನೋಡಿ! ಗೆರೆ ಮಾತ್ರ ಸುಲಭವಾಗಿ ಅಳಿಯಲಿಲ್ಲ. ಅಯೋವಾ ರಾಜ್ಯದ ಶಾಲೆಗಳಲ್ಲಿ ಹುಡುಗಿಯರು 1993ರವರೆಗೂ ಅರ್ಧ ಅಂಗಳದಲ್ಲೇ ಆಡಿದರು. ಒಲಿಂಪಿಕ್ಸಿನಲ್ಲಿ ಗಂಡಸರ ಆಟ 1936ಕ್ಕೆ ಸೇರಿತು, ಹೆಂಗಸರದು 1976ಕ್ಕೆ.

ನಮ್ಮ ಅಂಕೋಲೆಯಲ್ಲಿ ಸುಣ್ಣದ ಗೆರೆ ಯಾರೂ ಎಳೆಯಲಿಲ್ಲ. ಎಳೆದದ್ದು ಸಂಜೆಯ ಬಸ್ಸು. ದಿನಕರ ದೇಸಾಯಿಯವರ ಕೆನರಾ ವೆಲ್‌ಫೇರ್ ಟ್ರಸ್ಟ್ 1966ರಲ್ಲಿ, ಗೋಖಲೆಯವರು ಹುಟ್ಟಿ ನೂರು ವರ್ಷವಾದಾಗ, ಇಲ್ಲಿ ಗೋಖಲೆ ಶತಮಾನೋತ್ಸವ ಕಾಲೇಜು ತೆರೆಯಿತು. ಪದವಿಗಾಗಿ ಊರು ಬಿಡಬೇಕಾಗಿದ್ದ ಹುಡುಗಿಯರಿಗೆ ಅದೆಷ್ಟು ದೊಡ್ಡ ಬಾಗಿಲು ಎಂಬುದನ್ನು ನಮ್ಮ ತಾಯಂದಿರನ್ನು ಕೇಳಬೇಕು. ಆದರೆ ಪಾಠ ಬೆಳಿಗ್ಗೆ, ಆಟ ಸಂಜೆ. ನಾನು ಓದುತ್ತಿದ್ದ ಕಾಲದಲ್ಲಿ ಗಂಗಾವಳಿ ದಂಡೆಯ ಹಳ್ಳಿಯಿಂದ ಬರುತ್ತಿದ್ದ ಗೆಳತಿಯೊಬ್ಬಳಿದ್ದಳು. ಎಸೆದರೆ ಗುರಿ ತಪ್ಪುತ್ತಿರಲಿಲ್ಲ, ಮಾವಿನಕಾಯಿಗೆ ಕಲ್ಲು ಬೀರಿ ಪಳಗಿದ ಕೈ. ಐದಕ್ಕೆ ಅಭ್ಯಾಸ, ಐದೂಕಾಲಿಗೆ ಅವಳೂರಿನ ಬಸ್ಸು. ದೀಪ ಹಚ್ಚುವ ಹೊತ್ತಿಗೆ ಹುಡುಗಿ ಮನೆಯಲ್ಲಿರಬೇಕು ಎಂಬುದು ಆಗಿನ ಎಲ್ಲ ಮನೆಗಳ ಕಾನೂನು. ಅವಳು ಆಡಿದ್ದು ದಿನಕ್ಕೆ ಹತ್ತು ನಿಮಿಷ.

ಈಚೆಗೆ ಒಂದು ಜನವರಿ ಸಂಜೆ, ನನ್ನ ಅಣ್ಣನ ಮಗಳ ಕಾಲೇಜು ಪಂದ್ಯ ನೋಡಲು ನಾವಿಬ್ಬರೂ ಕಾರವಾರಕ್ಕೆ ಹೋದೆವು. ಹಿಮಕ್ಕೆ ಹೆದರಿ ನಾಲ್ಕು ಗೋಡೆಯೊಳಗೆ ಹುಟ್ಟಿದ ಆಟ ನಮ್ಮ ಕರಾವಳಿಯಲ್ಲಿ ಬಯಲಿನ ಸಿಮೆಂಟು ನೆಲಕ್ಕೆ ಬಂದಿದೆ. ಹಾಗಾಗಿ ಮಳೆಗಾಲದಲ್ಲಿ ಅದು ಹಾವಸೆಯ ಪಾಲು. ಉಳಿದ ದಿನ ಕಡಲ ಗಾಳಿಯೂ ಒಬ್ಬ ಆಟಗಾರ, ಎತ್ತರಕ್ಕೆ ಎಸೆದ ಚೆಂಡನ್ನು ಸುಮ್ಮನೆ ಬಿಡುವುದಿಲ್ಲ. ಪಂದ್ಯ ಶುರುವಾದದ್ದೇ ಏಳಕ್ಕೆ. ಹತ್ತು ನಿಮಿಷದ ನಾಲ್ಕು ಪಾಳಿ, ಆದರೆ ಸೀಟಿ ಊದಿದಾಗಲೆಲ್ಲ ಗಡಿಯಾರ ನಿಲ್ಲಿಸುವುದರಿಂದ ಒಂದೂವರೆ ತಾಸು ಬೇಕು. ಹುಡುಗಿಯರು ಈ ತುದಿಯಿಂದ ಆ ತುದಿಗೆ ಓಡಿದರು, ಕಸಿದರು, ಬಿದ್ದರು, ಮೊಣಕಾಲು ಒರೆಸಿಕೊಂಡು ಎದ್ದರು. ನನ್ನ ಕಣ್ಣು ಮಾತ್ರ ಕೈಗಡಿಯಾರಕ್ಕೇ ಹೋಗುತ್ತಿತ್ತು. ವಿರಾಮದಲ್ಲಿ ನೀರು ಕುಡಿಯಲು ಬಂದವಳು, "ಅತ್ತೆ, ನೀನು ಆಟ ನೋಡ್ತೀಯೋ, ಗಂಟೆ ನೋಡ್ತೀಯೋ?" ಎಂದಳು. ಗೆಳತಿ ನಗಲಿಲ್ಲ. ಅವಳು ಒಂದು ಸಲವೂ ಗಂಟೆ ನೋಡಿರಲಿಲ್ಲ. ಚೆಂಡು ಬುಟ್ಟಿಯ ಹತ್ತಿರ ಹೋದಾಗಲೆಲ್ಲ ಅವಳ ಬಲಗೈ ತಾನಾಗಿ ಸೆರಗಿನಿಂದ ಹೊರಗೆ ಬರುತ್ತಿತ್ತು.

ನಮ್ಮ ಹುಡುಗಿಯರು ನಾಲ್ಕು ಅಂಕದಿಂದ ಗೆದ್ದರು. ಒಂಬತ್ತರ ಬಸ್ಸು ಹಿಡಿದು ಕೂತೆವು. ಅವರ್ಸಾ ದಾಟುವವರೆಗೂ ಗೆಳತಿ ಮಾತಾಡಲಿಲ್ಲ. ಆಮೇಲೆ ಕೇಳಿದಳು:

"ಫೈನಲ್ ನಾಳೆ ಎಷ್ಟು ಗಂಟೆಗಂತೆ?"