ಎಣ್ಣೆ ಬ್ರೇಕರಿನ ಕಾಲ

1902ರಲ್ಲಿ ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿದೀಪ ಹೊತ್ತಿತು. ಇದನ್ನು ಶಾಲೆಯ ಮಕ್ಕಳೂ ಹೇಳುತ್ತಾರೆ. ಹರಿಯುವ ಕರೆಂಟನ್ನು ಬೇಕಾದಾಗ ಕಡಿಯುವ ಸ್ವಿಚ್‌ಗೇರ್‌ನ ಕತೆ ಮಾತ್ರ ಯಾರಿಗೂ ಬೇಡ.

ನಾನು ಕೆಲಸಕ್ಕೆ ಸೇರಿದಾಗ ನಮ್ಮ ಸಬ್‌ಸ್ಟೇಷನ್ನಿನ ಕರೆಂಟು ಕಡಿಯುವ 11 ಕೆ.ವಿ. ಬ್ರೇಕರ್‌ಗಳೆಲ್ಲ ಎಣ್ಣೆಯವು. ಫೀಡರ್ ಟ್ರಿಪ್ ಆದರೆ ‘ಢಬ್’ ಅಂತ ಸದ್ದು, ಕೂತಲ್ಲೇ ಎದೆ ಝಲ್ಲೆನ್ನುತ್ತಿತ್ತು. ಒಳಗೆ ಕಾಂಟ್ಯಾಕ್ಟುಗಳು ಬೇರೆಯಾದಾಗ ಹುಟ್ಟುವ ಕಿಡಿ ಎಣ್ಣೆಯನ್ನೇ ಒಡೆದು ಹೈಡ್ರೋಜನ್ ಮಾಡುತ್ತದೆ. ಆ ಅನಿಲವೇ ಕಿಡಿಯನ್ನು ತಣಿಸಿ ಆರಿಸುತ್ತದೆ. ಈ ಉಪಾಯ ನನಗೆ ಇಂದಿಗೂ ಸೋಜಿಗ. ಅದರ ಬೆಲೆ ತೆರುತ್ತಿದ್ದವರು ನಾವು. ನಾಲ್ಕಾರು ದೊಡ್ಡ ಫಾಲ್ಟ್ ಕಡಿದರೆ ಎಣ್ಣೆ ಕಾಫಿ ಡಿಕಾಕ್ಷನ್ನಿನಂತೆ ಕಪ್ಪು. ಬಸಿದು, ಮಸಿ ಒರೆಸಿ, ಹೊಸದು ತುಂಬಬೇಕು. ಆ ಕೆಲಸದಲ್ಲಿ ಎಣ್ಣೆ-ಮಸಿ ಮೆತ್ತಿದ ಅಂಗಿಯನ್ನು ನನ್ನ ಹೆಂಡತಿ ಬೇರೆ ಬಟ್ಟೆಯ ಜೊತೆ ಬಕೆಟ್ಟಿಗೆ ಹಾಕಲು ಬಿಡುತ್ತಿರಲಿಲ್ಲ.

ಆಮೇಲೆ ವ್ಯಾಕ್ಯೂಮ್ ಬ್ರೇಕರ್ ಬಂತು. ಗಾಳಿ ತೆಗೆದ ಪಿಂಗಾಣಿ ಸೀಸೆ. ಒಳಗಿನ ಕಾಂಟ್ಯಾಕ್ಟು ಸರಿಯುವುದು ಹೆಚ್ಚೆಂದರೆ ಒಂದು ಸೆಂಟಿಮೀಟರಿನಷ್ಟು. ‘ಇಷ್ಟಕ್ಕೆ ಕರೆಂಟು ಕಡಿಯುತ್ತಾ?’ ಅಂತ ನಮ್ಮ ಹಿರಿಯ ಆಪರೇಟರು ವಾರಗಟ್ಟಲೆ ದೂರವೇ ನಿಂತಿದ್ದರು. ಕಡಿಯಿತು, ಅದೂ ಬರೀ ‘ಟಕ್’ ಅಂತ. ನಾನು ನಿವೃತ್ತನಾಗುವ ಹೊತ್ತಿಗೆ ನಮ್ಮ ಸಾಲಿನಲ್ಲಿ ಎಣ್ಣೆಯದು ಒಂದೂ ಉಳಿದಿರಲಿಲ್ಲ.