ಮೈ ನೋಡಿ ಲೇಖನಿ

ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಯೊಂದರ ಮೇಲೆ ‘ಶ್ರೀ ಕವಿರತ್ನ’ ಎಂಬ ಅಕ್ಷರಗಳಿವೆ. ಇದು ಮುಧೋಳದ ಬಳೆಗಾರರ ಮನೆಯಲ್ಲಿ 949ರಲ್ಲಿ ಹುಟ್ಟಿದ ರನ್ನನದೇ ಹಸ್ತಾಕ್ಷರವೆಂದು ವಿದ್ವಾಂಸರು ಭಾವಿಸುತ್ತಾರೆ. 993ರಲ್ಲಿ ‘ಅಜಿತಪುರಾಣ’ವನ್ನು ಮುಗಿಸಿದ ಈ ಮಹಾಕವಿ ತನ್ನ ಕೈಯಿಂದಲೇ ಬರೆದ ಓಲೆ ಒಂದಾದರೂ ಉಳಿದಿಲ್ಲ. ಓಲೆಯನ್ನು ಹುಳು ತಿನ್ನುತ್ತದೆ. ಪ್ರತಿಯಿಂದ ಪ್ರತಿ ಮಾಡಿಸುವುದೊಂದೇ ಅದನ್ನು ಉಳಿಸುವ ದಾರಿ. ರನ್ನನ ಆಶ್ರಯದಾತೆ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದ್ದು ಆ ಕಾರಣಕ್ಕೇ. ಆದರೆ ಬಂಡೆಯ ಮೇಲಿನ ಆ ನಾಲ್ಕಾರು ಅಕ್ಷರಗಳಿಗೆ ಯಾರೂ ಪ್ರತಿ ಮಾಡಬೇಕಾಗಲಿಲ್ಲ. ಅಲ್ಲಿ ಲೇಖನಿ ಎಂದರೆ ಉಳಿ.

ಇಂದು ರುಜು ಬೇಡುವವರ ಕೈಯಲ್ಲಿ ಕಾಗದದ ಪುಸ್ತಕವೇ ಇರಬೇಕೆಂದಿಲ್ಲ. ಅಂಗೈಯಗಲದ ಮಾದರಿ ಕಾರನ್ನೋ ವಿಮಾನವನ್ನೋ ಹಿಡಿದು, ಅದನ್ನು ಓಡಿಸಿದ ಚಾಲಕನ, ಹಾರಿಸಿದ ಪೈಲಟನ ಸಹಿ ಬೇಡುವ ಹವ್ಯಾಸಿಗಳಿದ್ದಾರೆ. ಅಂಥ ಸಹಿ ಸಿಗುವುದು ಆಯುಸ್ಸಿನಲ್ಲಿ ಒಮ್ಮೆ. ಅದು ಎರಡು ಮಳೆಗಾಲದೊಳಗೆ ಮಾಸಿಹೋದರೆ ಮತ್ತೆ ಕೇಳುವ ಅವಕಾಶ ಇರುವುದಿಲ್ಲ. ಕೆಲವೊಮ್ಮೆ ಸಹಿ ಹಾಕಿದವರೇ ಇರುವುದಿಲ್ಲ. ದೋಷ ಸಾಮಾನ್ಯವಾಗಿ ಕೈಯದ್ದಲ್ಲ, ಲೇಖನಿಯದ್ದು. ಬರೆಯುವ ವಸ್ತುವಿನ ಮೈ ಎಂಥದ್ದು ಎಂದು ನೋಡದೆ ಸಿಕ್ಕ ಪೆನ್ನು ಕೊಟ್ಟದ್ದರ ಫಲ ಅದು.

ಕೃಷ್ಣಾ, ಘಟಪ್ರಭಾ ಸೀಮೆಯ ಹಿಂದಿನವರು ಈ ತಪ್ಪು ಮಾಡುತ್ತಿರಲಿಲ್ಲ. ತಾಳೆಯ ಎಲೆ ನುಣುಪು, ಮಸಿಯನ್ನು ಹೀರದು. ಆದ್ದರಿಂದ ಕಬ್ಬಿಣದ ಕಂಠದಿಂದ ಮೊದಲು ಗೀರಿ, ಆ ಗೀರಿನೊಳಗೆ ಕಾಡಿಗೆ ತಿಕ್ಕಿ, ಮೇಲಿನದನ್ನು ಒರೆಸಿಬಿಡುತ್ತಿದ್ದರು. ವರ್ತಕರ ಕಡತದ ಕಥೆಯೇ ಬೇರೆ. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು ಕಪ್ಪು ಮಾಡಿ, ಮಡಿಕೆ ಹಾಕಿ, ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಬೇಡವಾದಾಗ ಅಳಿಸಬಹುದು ಎಂಬುದೇ ಅದರ ಗುಣ. ಅಳಿಯುವ ಲೇಖನಿ, ಅಳಿಯದ ಲೇಖನಿ ಎರಡೂ ಅವರ ಬಳಿ ಇದ್ದವು. ಯಾವುದು ಎಲ್ಲಿಗೆ ಎಂಬ ತಿಳಿವೂ ಇತ್ತು.

ಪಟವರ್ಧನರ ಜಮಖಂಡಿಯಲ್ಲೂ ಘೋರ್ಪಡೆಯವರ ಮುಧೋಳದಲ್ಲೂ, 1948ರಲ್ಲಿ ಆ ಸಂಸ್ಥಾನಗಳು ವಿಲೀನವಾಗುವ ಮೊದಲಿನ ದಫ್ತರಗಳಲ್ಲಿ, ಕಾರಕೂನರ ಬರಹವೆಂದರೆ ಮೋಡಿ. ಕೈ ಎತ್ತದೆ ಓಡಿಸುವ ಆ ಲಿಪಿಗೆ ಬೋರು ಎಂಬ ಜೊಂಡಿನ ಲೇಖನಿ ಹೇಳಿ ಮಾಡಿಸಿದಂತಿತ್ತು. ಅರಸರ ಕಾಗದಕ್ಕೆ ಹಸ್ತಾಕ್ಷರಕ್ಕಿಂತ ಮುದ್ರೆಯೇ ಪ್ರಮಾಣ. ಓದು ಬಾರದವರಿಗೂ ‘ಸಹಿ’ ಇತ್ತು: ಮರಾಠಾ ಆಡಳಿತದ ಹಳ್ಳಿಗಳಲ್ಲಿ ಪಾಟೀಲನು ಕಾಗದದ ಕೆಳಗೆ ನೇಗಿಲಿನ ಗುರುತು ಹಾಕುತ್ತಿದ್ದ. ಕಾಡಿಗೆ ಮತ್ತು ಗೋಂದಿನ ಆ ಮಸಿಗೆ ನೀರು ಬಿದ್ದರೆ ಅಪಾಯ, ಬಿಸಿಲಿನ ಭಯವಿಲ್ಲ. ಕಾಡಿಗೆ ಎಂದರೆ ಇಂಗಾಲ. ಬೆಳಕು ಅದರ ಬಣ್ಣವನ್ನು ಕೆಡಿಸಲಾರದು. ಮುಂದೆ ಬಂದ ಶಾಯಿ ಪುಡಿ, ಶಾಯಿ ಗುಳಿಗೆಗಳ ಕಾಲದಲ್ಲಿ ಈ ಗುಣ ಹೋಯಿತು. (ಮುಂದೆ ಕ್ಯಾಮ್ಲಿನ್ ಎಂದು ಹೆಸರಾದ ದಾಂಡೇಕರ ಸಹೋದರರ ಉದ್ಯಮ 1931ರಲ್ಲಿ ಮುಂಬಯಿಯಲ್ಲಿ ಆರಂಭವಾದದ್ದು ಇಂಥ ಪುಡಿ, ಗುಳಿಗೆಗಳಿಂದಲೇ.) ನೀರಿನಲ್ಲಿ ಕರಗುವ ಆ ಬಣ್ಣಗಳು ನೋಡಲು ಚೆಂದ, ಬಿಸಿಲಿಗೆ ಬೇಗ ಮಾಸುವಂಥವು.

ನೇಕಾರರ ರಬಕವಿ-ಬನಹಟ್ಟಿಯಲ್ಲಿ ಬರೆಯುವ ಮೈ ಎಂದರೆ ಹತ್ತಿಯ ಬಟ್ಟೆ. ಬಟ್ಟೆಯ ಗುರುತಿಗೆ ನಮ್ಮ ದೇಶದ ಅಗಸರು ಕಂಡುಕೊಂಡಿದ್ದ ಉಪಾಯ ಕರಿಗೇರಿನ ಕಾಯಿ. ಅದರ ರಸಕ್ಕೆ ಸುಣ್ಣ ತಾಗಿಸಿದರೆ ಎಳೆಯೊಳಗೆ ಕಪ್ಪು ಕೂತುಬಿಡುತ್ತದೆ. ಎಷ್ಟು ಒಗೆದರೂ ಬಿಡದು. ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತದೆ, ಅದು ಬೇರೆ ಮಾತು. ಚರ್ಮದ ಮೇಲೆ ಬರೆಯುವ ಶಾಯಿಯೂ ಕನ್ನಡ ನಾಡಿನದ್ದೇ ಒಂದುಂಟು. 1937ರಲ್ಲಿ ಸ್ಥಾಪನೆಯಾದ ಮೈಸೂರಿನ ಅರಗು ಮತ್ತು ಬಣ್ಣದ ಕಾರ್ಖಾನೆ 1962ರ ಮಹಾಚುನಾವಣೆಯಿಂದ ಮತದಾರರ ಬೆರಳಿಗೆ ಶಾಯಿ ಒದಗಿಸುತ್ತ ಬಂದಿದೆ. ಅದರಲ್ಲಿರುವ ಬೆಳ್ಳಿಯ ಲವಣವನ್ನು ಬೆಳಕು ಮಾಸಿಸುವುದಿಲ್ಲ, ಇನ್ನಷ್ಟು ಕಪ್ಪಾಗಿಸುತ್ತದೆ.

ಇಷ್ಟೆಲ್ಲ ನೋಡಿದ ಮೇಲೆ ಮಾದರಿ ಕಾರಿನ ಕಷ್ಟ ಸುಲಭವಾಗಿ ಅರ್ಥವಾಗುತ್ತದೆ. ಅದನ್ನು ಓಲೆಯಂತೆ ಗೀರುವಂತಿಲ್ಲ, ಗೀರಿದರೆ ಬಣ್ಣ ಎದ್ದುಹೋಗುತ್ತದೆ. ಅದು ಕಾಗದ, ಬಟ್ಟೆಗಳಂತೆ ಹೀರುವುದೂ ಇಲ್ಲ. ಸತುವಿನ ಮಿಶ್ರಲೋಹದ ಎರಕ ಅಥವಾ ಪ್ಲಾಸ್ಟಿಕ್, ಮೇಲೆ ಬಣ್ಣ, ಅದರ ಮೇಲೆ ಹೊಳಪಿನ ವಾರ್ನಿಷ್. ಹಾಗಾಗಿ ಶಾಯಿ ಮೇಲೆಯೇ ಅಂಟಿ ಕೂರಬೇಕು. ಜಾಗವೂ ಕಡಿಮೆ. 2014ರವರೆಗೆ ತಯಾರಾಗುತ್ತಿದ್ದ ಅಂಬಾಸಿಡರ್ ಕಾರಿನ ಉದ್ದ ಸುಮಾರು 4.3 ಮೀಟರ್. ಅದನ್ನು 43ರಲ್ಲಿ ಒಂದು ಪಾಲಿಗೆ ಇಳಿಸಿದರೆ 10 ಸೆಂಟಿಮೀಟರ್. ಬಾನೆಟ್ಟಿನ ಮೇಲೆ ಎರಡು ಬೆರಳಿನಷ್ಟು ಜಾಗ ಸಿಗುವುದೂ ಕಷ್ಟ. 18ರಲ್ಲಿ ಒಂದು ಪಾಲಿನ ಮಾದರಿಯಾದರೆ 24 ಸೆಂಟಿಮೀಟರ್, ಸ್ವಲ್ಪ ಕೈಯಾಡಬಹುದು.

ಬಾಲ್ ಪೆನ್ನು ಇಲ್ಲಿ ನಿರುಪಯೋಗಿ. ಅದರ ಗುಂಡು ಉರುಳುವುದು ಕಾಗದದ ಒರಟಿನಿಂದ. ನುಣ್ಣನೆಯ ಮೈಯಲ್ಲಿ ಜಾರುತ್ತದೆ, ಒತ್ತಿದರೆ ಗೀರುತ್ತದೆ. 1962ರಲ್ಲಿ ಜಪಾನಿನ ಯುಕಿಯೊ ಹೋರಿಯೆ ರೂಪಿಸಿದ ನಾರಿನ ತುದಿಯ ಪೆನ್ನಿನ ಶಾಯಿ ನೀರಿನದ್ದು, ಅದೂ ನಿಲ್ಲದು. 1964ರಲ್ಲಿ ಅಮೆರಿಕದಲ್ಲಿ ಬಂದ ಶಾರ್ಪಿಯಂಥ ‘ಪರ್ಮನೆಂಟ್’ ಮಾರ್ಕರುಗಳು ಪ್ಲಾಸ್ಟಿಕ್ಕಿನ ಮೇಲೂ ಬರೆಯುತ್ತವೆ. ಹೆಚ್ಚಿನವರು ತೆಗೆದುಕೊಳ್ಳುವುದು ಅದನ್ನೇ. ಆದರೆ ಹೆಸರಿಗೆ ಮರುಳಾಗಬಾರದು. ಆಲ್ಕೊಹಾಲಿನಲ್ಲಿ ಕರಗಿಸಿದ ಬಣ್ಣ ಅದು, ಶಾಯಿ ಗುಳಿಗೆಯ ಜಾತಿಯದೇ. ಕಪ್ಪು ಗೆರೆ ಕೆಲ ವರ್ಷಗಳಲ್ಲಿ ನೇರಳೆಗೆ ತಿರುಗುವುದುಂಟು. ಗಾಢ ಬಣ್ಣದ ಕಾರಿನ ಮೇಲಂತೂ ಅದು ಕಾಣುವುದೇ ಇಲ್ಲ.

ಕಾಡಿಗೆಯ ನಿಜವಾದ ವಾರಸುದಾರ ಪೇಂಟ್ ಮಾರ್ಕರ್. ಅದರೊಳಗಿರುವುದು ಕರಗದ ಬಣ್ಣದ ಕಣಗಳು. ಬಳಿದಲ್ಲಿ ಪದರವಾಗಿ ಕೂರುತ್ತವೆ. ಕೆಂಪು, ಕಪ್ಪು, ನೀಲಿ ಮೈಗೆ ಬೆಳ್ಳಿ ಅಥವಾ ಬಿಳಿ, ಬಿಳಿಯ ಮೈಗೆ ಕಪ್ಪು. ಅತಿ ಸಣ್ಣ ತುದಿಯದನ್ನೇ ಆರಿಸಬೇಕು. ದೋಷ ಇದಕ್ಕೂ ಇದೆ. ಕೆಲವುಗಳ ದ್ರಾವಕ ತೀಕ್ಷ್ಣ, ಪ್ಲಾಸ್ಟಿಕ್ಕನ್ನೂ ಅಂಟಿಸಿದ ಚಿತ್ರಗಳನ್ನೂ ಕರಗಿಸಬಲ್ಲದು. ಆದ್ದರಿಂದ ಮಾದರಿಯ ತಳಭಾಗದಲ್ಲಿ ಒಂದು ಚುಕ್ಕಿ ಇಟ್ಟು ಪರೀಕ್ಷಿಸಿಯೇ ಮುಂದುವರಿಯುವುದು ಲೇಸು. ಪೆನ್ನನ್ನು ಚೆನ್ನಾಗಿ ಅಲ್ಲಾಡಿಸಿ, ರದ್ದಿ ಕಾಗದದ ಮೇಲೆ ತುದಿ ಒತ್ತಿ ಎರಡು ಗೆರೆ ಎಳೆದ ಮೇಲಷ್ಟೇ ಗಣ್ಯರ ಕೈಗೆ ಕೊಡಬೇಕು. ಇಲ್ಲವಾದರೆ ಮೊದಲ ಅಕ್ಷರವೇ ಗೊಜ್ಜಾಗುತ್ತದೆ, ದೋಷ ಅವರ ಮೇಲೆ ಬರುತ್ತದೆ.

ಸಹಿ ಬೀಳುವ ಜಾಗದಲ್ಲಿ ಮೇಣ, ಬೆರಳಿನ ಜಿಡ್ಡು ಇರಬಾರದು. ಸ್ಪಿರಿಟ್ ತಾಗಿಸಿದ ಹತ್ತಿಯಿಂದ ಮೆಲ್ಲಗೆ ಒರೆಸಬಹುದು, ಅಚ್ಚಾದ ಅಕ್ಷರಗಳನ್ನು ಮಾತ್ರ ಮುಟ್ಟದಂತೆ. ಸಹಿಯ ಮೇಲೆ ರಕ್ಷಣೆಗೆಂದು ವಾರ್ನಿಷ್ ಬಳಿಯುವವರಿದ್ದಾರೆ. ಅದರ ದ್ರಾವಕಕ್ಕೆ ಶಾಯಿಯೇ ಹರಿದುಹೋದರೆ ಉಳಿಸಲು ಹೋಗಿ ಕಳೆದಂತೆ. ಬದಲು ಗಾಜಿನ ಕಪಾಟಿಗೆ ಬಿಸಿಲು ಬೀಳದ ಗೋಡೆಯನ್ನು ಆರಿಸುವುದು ಒಳ್ಳೆಯದು. ಹಾಕಿದ ಸಹಿ ಒಣಗಲು ಒಂದು ದಿನ ಬೇಕು, ಅಷ್ಟರೊಳಗೆ ಪೆಟ್ಟಿಗೆಗೆ ತುರುಕಬಾರದು. ಜಮಖಂಡಿ, ಬೀಳಗಿಯ ಬೇಸಿಗೆಯ ಧಗೆಯಲ್ಲಿ ಪೆನ್ನುಗಳೂ ಬೇಗ ಒಣಗುತ್ತವೆ. ಮುಚ್ಚಳ ಬಿಗಿಯಾಗಿ ಹಾಕಿ, ನಿಲ್ಲಿಸದೆ ಅಡ್ಡ ಮಲಗಿಸಿ ಇಟ್ಟರೆ ಬಣ್ಣದ ಕಣಗಳು ಒಂದೇ ತುದಿಗೆ ಸೇರಿ ಗಟ್ಟಿಯಾಗುವುದಿಲ್ಲ.