ಅಂಕಿತ, ರಂಗನಾಮ, ಕಾವ್ಯನಾಮ: ಬಳ್ಳಾರಿ ಸೀಮೆಯ ಕೆಲವು ಸಾಕ್ಷ್ಯಗಳು

ಕಾವ್ಯನಾಮವೆಂದರೆ ಕರ್ತೃವಿನ ಮರೆ ಎಂಬ ಗ್ರಹಿಕೆ ಬಲವಾಗಿದೆ. ಅದಕ್ಕೆ ಕನ್ನಡದಲ್ಲಿ ದೊಡ್ಡ ಆಧಾರ ಮುದ್ದಣ. ನಂದಳಿಕೆಯ ಲಕ್ಷ್ಮೀನಾರಣಪ್ಪ (1870–1901) ತನ್ನ ಕೃತಿಗಳನ್ನು ಹಳೆಯ ಕವಿಯವೆಂಬಂತೆ ಮೈಸೂರಿನ ಪ್ರಕಾಶಕರಿಗೆ ಕಳುಹಿಸಿದ. ನಿಜ ಸಂಗತಿ ಓದುಗರಿಗೆ ತಿಳಿದದ್ದು ಆತ ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ. ಆದರೆ ಬಳ್ಳಾರಿ ಸೀಮೆಯ ಹೆಸರುಗಳು ಬೇರೆಯದನ್ನೇ ಹೇಳುತ್ತವೆ: ಇಲ್ಲಿನ ಕಲಾವಿದರು ಹೊಸ ಹೆಸರು ತಳೆದದ್ದು ಅಡಗಲಿಕ್ಕಲ್ಲ, ತಮ್ಮ ನಂಟನ್ನು ಸಾರಲಿಕ್ಕೆ.

ಇದರ ಬೇರು ಅಂಕಿತದಲ್ಲಿದೆ. 12ನೆಯ ಶತಮಾನದ ವಚನಕಾರರು ರಚನೆಯ ಕೊನೆಯಲ್ಲಿ ಇಷ್ಟದೈವದ ಹೆಸರನ್ನಿಟ್ಟರು. ಅರಮನೆಯನ್ನು ತೊರೆದ ಅಕ್ಕಮಹಾದೇವಿಯ ಅಂಕಿತ ಚೆನ್ನಮಲ್ಲಿಕಾರ್ಜುನ; ಮಲ್ಲಿಗೆಯಿಂದ ಪೂಜೆಗೊಂಡವನೆಂದು ಶ್ರೀಶೈಲದ ಐತಿಹ್ಯ ಹೇಳುವ ದೇವರು ಅವನು. ಮುಂದೆ 19ನೆಯ ಶತಮಾನದಲ್ಲಿ ಹರಪನಹಳ್ಳಿ ಭೀಮವ್ವ ‘ಭೀಮೇಶಕೃಷ್ಣ’ ಅಂಕಿತದಲ್ಲಿ ಹಾಡು ಕಟ್ಟಿದರು. ಬಳ್ಳಾರಿಯ ಕೌಲ್ ಬಜಾರ್‌ನಲ್ಲಿ ಕೇಳುವ ಉರ್ದುವಿನ ಕಾವ್ಯಸಂಪ್ರದಾಯದಲ್ಲೂ ಕವಿ ತನ್ನ ತಖಲ್ಲುಸ್ ಅನ್ನು, ಎಂದರೆ ಕಾವ್ಯನಾಮವನ್ನು, ಗಜಲಿನ ಕೊನೆಯ ದ್ವಿಪದಿಯಲ್ಲಿ ತರುತ್ತಾನೆ. ಅಂಕಿತ ದೈವವನ್ನು ಕರೆದರೆ ತಖಲ್ಲುಸ್ ಕವಿಯನ್ನೇ ಕರೆಯುತ್ತದೆ. ಸ್ಥಾನ ಮಾತ್ರ ಎರಡಕ್ಕೂ ಒಂದೇ.

ರಂಗಭೂಮಿಯಲ್ಲಿ ದೈವದ ಜಾಗಕ್ಕೆ ಊರು ಬಂತು. ತಾಡಪತ್ರಿಯಲ್ಲಿ ಹುಟ್ಟಿದ ವಕೀಲ ರಾಘವಾಚಾರ್ಯರು (1880–1946) ‘ಬಳ್ಳಾರಿ ರಾಘವ’ರೆಂದೇ ಹೆಸರಾದರು. ಗಂಡಸರೇ ಸ್ತ್ರೀಪಾತ್ರ ಕಟ್ಟುತ್ತಿದ್ದ ಕಾಲದಲ್ಲಿ ಸ್ತ್ರೀಪಾತ್ರಕ್ಕೆ ಸ್ತ್ರೀಯರೇ ಬರಬೇಕೆಂದು ಅವರು ಹಟ ಹಿಡಿದರು. ಮದರಾಸು ಪ್ರಾಂತ್ಯಕ್ಕೆ ಸೇರಿದ್ದ, ಕನ್ನಡ–ತೆಲುಗು ಬೆರೆತ ಪಟ್ಟಣವೊಂದು ಅವರ ಹೆಸರಿನೊಂದಿಗೆ ದೂರದ ರಂಗಮಂದಿರಗಳನ್ನೂ ಹೊಕ್ಕಿತು.

ಭೀಮವ್ವನ ಊರಾದ ಹರಪನಹಳ್ಳಿಯವರೇ ರಾಯಸಂ ಭೀಮಸೇನರಾವ್ (1913–1980). ಪೊಲೀಸ್ ಇಲಾಖೆಯ ನೌಕರಿಯಲ್ಲಿದ್ದ ಅವರನ್ನು ಕನ್ನಡದ ಓದಿಗೆ ಎಳೆದದ್ದು ಅ.ನ.ಕೃ. ಅವರ ‘ಸಂಧ್ಯಾರಾಗ’ ಕಾದಂಬರಿ. ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ಲಿಪಿಯಲ್ಲಿ ಬರೆದ ‘ಬೀಚಿ’ ಎಂಬ ಹೆಸರು ಓದುಗರಿಗೆ ಅವರು ಕೊಟ್ಟ ಗುರುತು. ತಿಂಮನೆಂಬ ಪಾತ್ರವನ್ನೂ ಕಟ್ಟಿ ಸಮಾಜವನ್ನು ಕೆಣಕಿದರು. ಆದರೂ ಅವರು ಮರೆಯಲ್ಲಿ ನಿಲ್ಲಲಿಲ್ಲ. ‘ನನ್ನ ಭಯಾಗ್ರಫಿ’ಯಲ್ಲಿ ಸ್ವಂತ ಬಾಳನ್ನೇ ಓದುಗರ ಮುಂದಿಟ್ಟರು.

ಭೀಮವ್ವನಿಗೆ ದೈವ, ರಾಘವರಿಗೆ ಊರು, ಬೀಚಿಗೆ ಓದುಗ: ಮೂರು ಹೆಸರುಗಳು ಮೂರು ಕಡೆ ಮುಖಮಾಡಿವೆ. ಆದ್ದರಿಂದ ಕಾವ್ಯನಾಮದ ಹಿಂದಿನ ನಿಜನಾಮವನ್ನು ಪತ್ತೆಹಚ್ಚಿದ ಮಾತ್ರಕ್ಕೆ ಸಂಶೋಧಕನ ಕೆಲಸ ಮುಗಿಯದು. ಆ ಹೆಸರು ಯಾರನ್ನು ಉದ್ದೇಶಿಸಿ ಹುಟ್ಟಿತು ಎಂಬುದನ್ನು ಕೇಳಿದಾಗಲೇ ಈ ಸೀಮೆಯ ಸಾಹಿತ್ಯಚರಿತ್ರೆ ಸರಿಯಾಗಿ ಅರ್ಥವಾಗುತ್ತದೆ.